ಸ್ಲೈಡ್ ಎರಡು ದಿನ ಮೊದಲೇ ಹೇಳಿತ್ತು

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಗಳಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ, ನಾನು ಕೆಮಿಸ್ಟ್. ಯಾವ ಸೈಟಿಗೆ ಹೋದರೂ ಈಗ ನನ್ನ ಮೊದಲ ಕೆಲಸ ಒಂದೇ. ಗಾಳಿ ಊದುವ ಏರೇಷನ್ ಟ್ಯಾಂಕಿನ ಒಂದು ಹನಿಯನ್ನು ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮೊದಲು ಹಾಗಿರಲಿಲ್ಲ. ರಿಜಿಸ್ಟರ್‌ನಲ್ಲಿ ಬರೆಯಬೇಕಲ್ಲ ಅಂತ ಸುಮ್ನೆ ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದೆ.

ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿಯಂಥ ಕಂದು ಬಣ್ಣದ ಹಿಂಜುಗಳಾಗುತ್ತವೆ, ಮುಂದಿನ ಟ್ಯಾಂಕಿನಲ್ಲಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ. ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಡುವುದು ಇಷ್ಟೇ. ಆದರೆ ಹಿಂಜಿಗೆ ಅಂಟದೆ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾವೂ ಲೆಕ್ಕವಿಲ್ಲದಷ್ಟು ಇರುತ್ತವೆ. ಅವು ತಳಕ್ಕೆ ಇಳಿಯುವಷ್ಟು ಭಾರ ಇಲ್ಲ. ಅವನ್ನು ತಿಂದು ನೀರನ್ನು ತಿಳಿ ಮಾಡುವವು ಪ್ರೊಟಿಸ್ಟ್‌ಗಳು. ಇವಕ್ಕೂ ಒಂದೇ ಜೀವಕೋಶ, ಆದರೆ ಗಾತ್ರದಲ್ಲಿ ಬ್ಯಾಕ್ಟೀರಿಯಾಗಿಂತ ಎಷ್ಟೋ ಪಟ್ಟು ದೊಡ್ಡವು.

ನನಗೆ ತುಂಬಾ ಇಷ್ಟವಾದದ್ದು ವೋರ್ಟಿಸೆಲ್ಲಾ. ಗಂಟೆಯಂಥ ತಲೆ, ಕೆಳಗೆ ಉದ್ದ ದಂಟು. ದಂಟಿನ ತುದಿ ಹಿಂಜಿಗೆ ಕಚ್ಚಿಕೊಂಡಿರುತ್ತದೆ. ಗಂಟೆಯ ಬಾಯಂಚಿನಲ್ಲಿ ಸಣ್ಣ ರೋಮಗಳು ಬಡಿದು ಸುಳಿ ಎಬ್ಬಿಸುತ್ತವೆ, ಸುಳಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಬಾಯಿಗೆ ಹೋಗುತ್ತವೆ. ಸ್ಲೈಡನ್ನು ಮೆಲ್ಲಗೆ ತಟ್ಟಿದರೆ ದಂಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ.

ಒಂದು ಬೆಳಿಗ್ಗೆ ಒಂದು ಸೈಟಿನಲ್ಲಿ ಗಂಟೆಗಳೆಲ್ಲ ಮುಚ್ಚಿಕೊಂಡಿದ್ದವು. ಕೆಲವು ಕಡೆ ಬರೀ ದಂಟು, ತಲೆಯೇ ಇಲ್ಲ. ಹಿಂಜಿನ ಮೇಲೆ ತೆವಳುವ ಆಸ್ಪಿಡಿಸ್ಕಾ ಎಂಬ ಪ್ರೊಟಿಸ್ಟ್ ಒಂದೂ ಕಾಣಲಿಲ್ಲ. ಸ್ಯಾಂಪಲ್ ಹಳೆಯದಾಗಿರಬೇಕು ಅಂದುಕೊಂಡೆ. ಒಂದು ಲೀಟರ್ ಜಾಡಿಯಲ್ಲಿ 30 ನಿಮಿಷ ಇಟ್ಟಾಗ ಸ್ಲಡ್ಜ್, ಅಂದರೆ ಹಿಂಜುಗಳ ಕೆಸರು, ಚೆನ್ನಾಗೇ ಕೂತಿತು. ಬ್ಲೋವರ್ ಸರಿ ಇತ್ತು, ಔಟ್‌ಲೆಟ್ ನೀರು ತಿಳಿಯಾಗಿತ್ತು. ಇನ್ನೇನು ಬೇಕು ಅಂತ ಮುಂದಿನ ಸೈಟಿಗೆ ಹೊರಟೆ.

ಎರಡು ದಿನ ಕಳೆದ ಮೇಲೆ ಔಟ್‌ಲೆಟ್ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಮನೆಗಳ ಫ್ಲಶ್‌ಗೆ ಹೋಗುವುದು ಇದೇ ನೀರು, ಫ್ಲಶ್ ಟ್ಯಾಂಕಿನಲ್ಲಿ ವಾಸನೆ ಅಂತ ಫೋನ್ ಮೇಲೆ ಫೋನ್. ಆಗ ಆಪರೇಟರ್‌ನನ್ನು ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದು ಇಷ್ಟು: "ಮೊನ್ನೆ ಹಿಂದಿನ ರಾತ್ರಿ ಮೇಲಿನ ಟ್ಯಾಂಕ್‌ಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ್ರು ಮೇಡಂ. ಆ ನೀರೆಲ್ಲ ನಮ್ಮ ಕಡೇನೇ ಬಂತು. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ." ಅವನ ತಪ್ಪಲ್ಲ. ಕೇಳಬೇಕಾದವಳು ನಾನು. ಸ್ಲೈಡ್ ನೋಡಿದ ಗಳಿಗೆಯಲ್ಲೇ ಕೇಳಬೇಕಿತ್ತು.

ಹಿಂಜಿನೊಳಗೆ ಅಡಗಿದ ಬ್ಯಾಕ್ಟೀರಿಯಾ ಕ್ಲೋರಿನ್ ಏಟನ್ನು ಹೇಗೋ ತಡೆದುಕೊಂಡಿದ್ದವು, ಅದಕ್ಕೇ ಜಾಡಿ ಪರೀಕ್ಷೆ ಸರಿ ಬಂದಿತ್ತು. ಮೇಯುವ ಪ್ರೊಟಿಸ್ಟ್‌ಗಳು ಹೋಗಿದ್ದರಿಂದ ಒಂಟಿ ಬ್ಯಾಕ್ಟೀರಿಯಾ ತಡೆಯಿಲ್ಲದೆ ಹೆಚ್ಚಿದವು. ಇದು ಹೊಸ ವಿಷಯವೂ ಅಲ್ಲ. ಪ್ರೊಟಿಸ್ಟ್‌ಗಳೇ ಇಲ್ಲದ ಸಣ್ಣ ಘಟಕಗಳಿಂದ ಮಬ್ಬು ನೀರು ಬರುತ್ತದೆ, ಸೀಲಿಯೇಟ್‌ಗಳನ್ನು, ಅಂದರೆ ವೋರ್ಟಿಸೆಲ್ಲಾದಂಥ ರೋಮವಿರುವ ಪ್ರೊಟಿಸ್ಟ್‌ಗಳನ್ನು, ಒಳಗೆ ಸೇರಿಸಿದರೆ ತಿಳಿಯಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ ವಿಜ್ಞಾನಿ ಕರ್ಡ್ಸ್ ಮತ್ತು ಸಂಗಡಿಗರು 1968ರಲ್ಲೇ ತೋರಿಸಿದ್ದರು. ನಮ್ಮಲ್ಲಿ ನೀರಿನಲ್ಲಿ ಉಳಿದ ಕೊಳೆಯನ್ನು ಅಳೆಯುವ ಬಿಒಡಿ ಪರೀಕ್ಷೆಗೆ ಸ್ಯಾಂಪಲನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಸ್ಲೈಡಿಗೆ ಐದು ನಿಮಿಷ ಸಾಕು.

ಔಟ್‌ಲೆಟ್‌ಗೆ ಹೈಪೋ, ಅಂದರೆ ಕ್ಲೋರಿನ್ ದ್ರಾವಣ, ಜಾಸ್ತಿ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ವಾಸನೆಗೆ ಅದು ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಆ ನೀರು ತೋಟಕ್ಕೂ ಹೋಗುತ್ತದೆ. ಮಣ್ಣಿನ ಕಣಗಳ ಸುತ್ತ ಇರುವ ತೆಳು ನೀರಿನಲ್ಲೂ ಅಮೀಬಾ, ಸೀಲಿಯೇಟ್‌ಗಳು ಬ್ಯಾಕ್ಟೀರಿಯಾ ಮೇಯುತ್ತಿರುತ್ತವೆ. ತಿಂದದ್ದರಲ್ಲಿ ತಮಗೆ ಬೇಕಾದ್ದಕ್ಕಿಂತ ಹೆಚ್ಚಿನ ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಹೊರಗೆ ಬಿಡುತ್ತವೆ. ಬ್ಯಾಕ್ಟೀರಿಯಾ ಮೈಯಲ್ಲಿ ಸಿಕ್ಕಿಕೊಂಡಿದ್ದ ಗೊಬ್ಬರ ಗಿಡದ ಬೇರಿಗೆ ಸಿಗುವ ದಾರಿಗಳಲ್ಲಿ ಇದೂ ಒಂದು. ಟ್ಯಾಂಕಿನಲ್ಲಿ ಆದದ್ದನ್ನು ಮಣ್ಣಿನಲ್ಲೂ ಮಾಡಲು ನನಗೆ ಮನಸ್ಸಾಗಲಿಲ್ಲ. ತೋಟಕ್ಕೆ ನೀರು ಬಿಡುವುದನ್ನೇ ನಿಲ್ಲಿಸಿದೆವು.

ಹತ್ತಿರದ ಇನ್ನೊಂದು ಎಸ್‌ಟಿಪಿಯಿಂದ ಒಳ್ಳೆಯ ಸ್ಲಡ್ಜ್ ತಂದು, ಮೊಸರಿಗೆ ಹೆಪ್ಪು ಹಾಕುವ ಹಾಗೆ, ಸೀಡಿಂಗ್ ಮಾಡಿದೆವು. ದಿನಾ ಸ್ಲೈಡ್ ನೋಡಿದೆ. ಮೊದಲು ಬಾಲ ಬಡಿಯುವ ಪುಟ್ಟ ಫ್ಲ್ಯಾಜೆಲೇಟ್‌ಗಳು ತುಂಬಿಕೊಂಡವು. ಆಮೇಲೆ ಬಿಡಿಯಾಗಿ ಈಜುವ ಸೀಲಿಯೇಟ್‌ಗಳು. ಅವು ಕಡಿಮೆಯಾಗುತ್ತ ಬಂದಂತೆ ತೆವಳುವವು ಹೆಚ್ಚಿದವು. ಹದಿಮೂರನೆಯ ದಿನ ಒಂದು ಹಿಂಜಿನ ಅಂಚಿನಲ್ಲಿ ನಾಲ್ಕು ವೋರ್ಟಿಸೆಲ್ಲಾ ಬಾಯಿ ತೆರೆದುಕೊಂಡು ನಿಂತಿದ್ದವು. ಆಪರೇಟರ್‌ನನ್ನು ಕರೆದು ತೋರಿಸಿದೆ. ಅಷ್ಟು ವರ್ಷ ಟ್ಯಾಂಕ್ ಪಕ್ಕದಲ್ಲೇ ಕೆಲಸ ಮಾಡಿದ್ದರೂ ಅವನು ಅವನ್ನು ನೋಡಿದ್ದು ಅದೇ ಮೊದಲು.

ಈಗ ಟ್ಯಾಂಕ್ ತೊಳೆಯುವ ಹಿಂದಿನ ದಿನವೇ ಅವನಿಗೆ ಹೇಳಬೇಕು ಅಂತ ಅಲ್ಲಿ ಬೋರ್ಡ್ ಹಾಕಿದ್ದೇವೆ. ತೊಳೆದ ನೀರನ್ನು ಮೊದಲ ಟ್ಯಾಂಕಿನಲ್ಲಿ ಕೊಳಚೆಯ ಜೊತೆ ತಡೆದಿಟ್ಟು, ಈಜುಕೊಳದ ಕಿಟ್‌ನಲ್ಲಿ ಕ್ಲೋರಿನ್ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತಾನೆ. ನಾನು ಹೋಗದ ದಿನ ಸ್ಲೈಡ್ ನೋಡಿ ಫೋಟೋ ಕಳಿಸುವುದೂ ಅವನೇ.