ಯೆಸ್ ಸಾರ್

ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಪಠ್ಯಪುಸ್ತಕವನ್ನು ಮನೆಯಲ್ಲೇ ಮರೆತು ಬಂದಿದ್ದೆ. "ಪುಸ್ತಕ ತಂದಿಲ್ಲವೇ?" ಎಂದು ಮೇಷ್ಟರು ಇಂಗ್ಲಿಷಿನಲ್ಲಿ ಕೇಳಿದರು. ಎದ್ದು ನಿಂತು "ಯೆಸ್ ಸಾರ್" ಎಂದೆ. "ಹಾಗಾದರೆ ತೆಗೆ" ಎಂದರು. ತೆಗೆಯಲು ಏನಿತ್ತು? ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ "ಯೆಸ್ ಸಾರ್" ಎಂದೆ. ಸುಳ್ಳಿನ ಜೊತೆಗೆ ಉದ್ಧಟತನ ಬೇರೆ ಎಂದು ಅಂಗೈಗೆ ಎರಡು ಏಟು ಬಿದ್ದವು. ನಾನು ಹೇಳಿದ್ದು ಇಷ್ಟೇ: ಹೌದು ಸಾರ್, ತಂದಿಲ್ಲ.

ಸಂಜೆ ಸೈಕಲ್ ಸ್ಟ್ಯಾಂಡಿನ ಬಳಿ ಮೇಷ್ಟರೇ ಕರೆದರು. "ನಿನ್ನದು ಸುಳ್ಳಲ್ಲ ಕಣೋ. ಕನ್ನಡದ ಹೌದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ, ನನಗೆ ತಡವಾಗಿ ಹೊಳೆಯಿತು" ಎಂದರು. ಮೇಷ್ಟರೊಬ್ಬರು ಹುಡುಗನ ಮುಂದೆ ಹಾಗೆ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮರುದಿನ ಪಾಠ ಬಿಟ್ಟು ಆ ಒಂದು ಪದದ ಬಗ್ಗೆಯೇ ಮಾತನಾಡಿದರು. ಹಳೆಯ ಇಂಗ್ಲಿಷರಿಗೆ ಹೌದು ಎನ್ನಲು ಎರಡು ಪದಗಳಿದ್ದವಂತೆ. "ಬಂದನೇ?" ಎಂದರೆ "ಯೇ". "ಬರಲಿಲ್ಲವೇ?" ಎಂದು ಕೇಳಿದಾಗ, ಬಂದಿದ್ದರೆ, "ಯೆಸ್". ಇಲ್ಲ ಎನ್ನಲೂ ಹಾಗೆಯೇ "ನೇ" ಮತ್ತು "ನೋ". ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲನಿಗೆ ಈ ನೇ–ನೋ ವ್ಯತ್ಯಾಸವೂ ತಿಳಿಯದು ಎಂದು 1532ರಲ್ಲಿ ಇಂಗ್ಲಿಷ್ ಪಂಡಿತ ಥಾಮಸ್ ಮೋರ್ ಪುಸ್ತಕದಲ್ಲೇ ಹಂಗಿಸಿದ. ತಮಾಷೆಯೆಂದರೆ, ನಿಯಮ ಹೇಳಿಕೊಡುವಾಗ ಮೋರನೇ ಅದನ್ನು ತಿರುಗುಮುರುಗಾಗಿ ಬರೆದುಬಿಟ್ಟ! 1535ರಲ್ಲಿ ಮೋರನ ತಲೆ ಹೋಯಿತು. ಮರುವರ್ಷ ಟಿಂಡೇಲನನ್ನು ಕತ್ತು ಬಿಗಿದು ಸುಟ್ಟರು. ಅವಕ್ಕೆ ಕಾರಣಗಳು ಬೇರೆ. "ನಿನಗೆ ಬರೀ ಎರಡೇಟು" ಎಂದು ಮೇಷ್ಟರು ನನ್ನ ಕಡೆ ನೋಡಿ ನಕ್ಕರು.

"ಯೆಸ್" ಎಂಬುದರ ಬಾಲದಲ್ಲಿ "ಆಗಲಿ" ಎಂಬ ಅರ್ಥದ ಹಳೆಯ ಕ್ರಿಯಾಪದ ಅಡಗಿದೆ ಎಂದೂ ಹೇಳಿದರು. ನಮ್ಮ "ಹೌದು" ಕೂಡ "ಆಗು" ಧಾತುವಿನ ಮಗುವೇ: ಹಳಗನ್ನಡದ ಅಪ್ಪುದು ಅಹುದಾಗಿ, ಅಹುದು ಹೌದಾಯಿತು. ಬಸವಣ್ಣನವರ "ಅಹುದಹುದೆನಬೇಕು" ಎಲ್ಲರ ಬಾಯಲ್ಲೂ ಇದ್ದದ್ದೇ. ಆ ದಿನ ಮಾತ್ರ ಅದು ಬೇರೆಯಾಗಿ ಕೇಳಿಸಿತು.

ಉದ್ಯೋಗದ ನೆಪದಲ್ಲಿ ಎರಡು ವರ್ಷ ದಕ್ಷಿಣ ಫ್ರಾನ್ಸಿನ ಟುಲೂಸ್ ನಗರದಲ್ಲಿದ್ದೆ. ಅಲ್ಲಿನ ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಫ್ರೆಂಚಿನಲ್ಲಿ ಕೂಗಿದ ಮೇಲೆ ಇನ್ನೊಂದು ನುಡಿಯಲ್ಲೂ ಕೂಗುತ್ತಾರೆ. ಅದು ಆಕ್ಸಿಟನ್, ಅಂದರೆ "ಓಕ್" ನುಡಿ. ಓಕ್ ಎಂದರೆ ಹೌದು. ಒಂದು ನಾಡಿಗೇ "ಹೌದು" ಎಂದು ಹೆಸರಿಟ್ಟ ಹಾಗೆ! ಹಿಂದಿನ ಲಾಂಗ್‌ಡಾಕ್ ಪ್ರಾಂತ್ಯ ಅದೇ, 2016ರಿಂದ ಆಡಳಿತದ ಕಡತಗಳಲ್ಲಿರುವ ಆಕ್ಸಿಟಾನಿಯೂ ಅದೇ. ಹದಿನಾಲ್ಕನೆಯ ಶತಮಾನದ ಆರಂಭದಲ್ಲೇ ಇಟಲಿಯ ಕವಿ ಡಾಂಟೆ ಈ ಸೋದರ ನುಡಿಗಳನ್ನು ಅವುಗಳ ಹೌದಿನಿಂದ ಗುರುತಿಸಿದ್ದ: ಇಟಲಿಯವರು "ಸಿ", ದಕ್ಷಿಣದವರು "ಓಕ್", ಉತ್ತರ ಫ್ರಾನ್ಸಿನವರು "ಓಯಿಲ್".

ಇವುಗಳ ತಾಯಿ ಲ್ಯಾಟಿನ್‌ಗೆ ಹೌದು ಎಂಬ ಒಂದು ಖಚಿತ ಪದವೇ ಇರಲಿಲ್ಲ. "ಬಂದೆಯಾ?" ಎಂದರೆ "ಬಂದೆ" ಎನ್ನುವ ನಮ್ಮ ರೂಢಿಯೇ ಅವರಿಗೂ ಇತ್ತು, ಐರಿಷ್ ಭಾಷೆಯಲ್ಲಿ ಇಂದಿಗೂ ಹಾಗೆಯೇ. ಅಥವಾ "ಸಿಕ್", ಅಂದರೆ "ಹಾಗೆ", ಎನ್ನಬಹುದಿತ್ತು. ಇಟಲಿಯ "ಸಿ" ಅದರಿಂದ ಬಂತು. "ಹೋಕ್", ಎಂದರೆ "ಇದು", ಎಂಬುದರಿಂದ ಓಕ್. "ಹೋಕ್ ಇಲ್ಲೆ" ಎಂಬ ಜೋಡಿಯಿಂದ ಓಯಿಲ್, ಅದು ಸವೆದು ಇಂದಿನ ಫ್ರೆಂಚಿನ "ವೀ". ಆ "ಇಲ್ಲೆ"ಗೆ ಅರ್ಥ "ಅವನು". ಆದರೂ ಫ್ರೆಂಚರ ಹೌದಿನ ಹೊಟ್ಟೆಯಲ್ಲಿ ಕನ್ನಡದ ಕಿವಿಗೆ "ಇಲ್ಲ" ಕೇಳಿಸದೆ ಇರುವುದಿಲ್ಲ. ಮೇಷ್ಟರಿಗೆ ಇದನ್ನು ಹೇಳಬೇಕೆನಿಸಿತ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಇಂಗ್ಲಿಷರು ಕಳೆದುಕೊಂಡ ಆ ಎರಡು ಹೌದುಗಳ ವ್ಯತ್ಯಾಸವನ್ನು ಫ್ರೆಂಚರು ಉಳಿಸಿಕೊಂಡಿದ್ದಾರೆ. ಜರ್ಮನರಿಗೂ ಅದಕ್ಕೊಂದು "ದೋಖ್" ಇದೆ. ನಾನು ಅದನ್ನು ಕಲಿತದ್ದು ಮನೆಯೊಡತಿಯ ಅಡುಗೆಮನೆಯಲ್ಲಿ. "ನಿಮಗೆ ಕಾಫಿ ಬೇಡವೇ?" ಎಂದು ಕೇಳಿದರು. ಬೇಕಾಗಿತ್ತು, "ವೀ" ಎಂದೆ. ಅವರ ಕೈಯಲ್ಲಿದ್ದ ಹೂಜಿ ಅಲ್ಲೇ ನಿಂತಿತು. "ವೀ ಎಂದರೆ ಬೇಕೋ, ಬೇಡವೋ? ಬೇಕಿದ್ದರೆ ಸಿ ಎನ್ನಬೇಕು" ಎಂದರು. ನಾನು ಥಟ್ಟನೆ ನೆಟ್ಟಗೆ ಕುಳಿತು "ಸಿ" ಎಂದೆ. ಹಿಂದೆಯೇ, ತಡೆಯುವಷ್ಟರಲ್ಲಿ, "ಸಾರ್" ಕೂಡ ಬಂದುಬಿಟ್ಟಿತು.