ಆರೇ ತಿಂಗಳ ಸಂಸಾರಕ್ಕೂ ಜೀವನಾಂಶ ಸಿಗುತ್ತದೆಯೇ?

ಕೇಳಬಹುದು. ಇಷ್ಟು ವರ್ಷ ಜೊತೆಗೆ ಬಾಳಿರಬೇಕೆಂಬ ಷರತ್ತು ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಕೇಸು ನಡೆಯುವಾಗಿನ ಖರ್ಚಿಗೆ 24ನೇ ಕಲಂ, ಕಾಯಂ ಜೀವನಾಂಶಕ್ಕೆ 25ನೇ ಕಲಂ. ಗಂಡನೂ ಅರ್ಜಿ ಹಾಕಬಹುದು. ಆದರೆ ಮೊತ್ತ ನಿಗದಿ ಮಾಡುವಾಗ ಮದುವೆ ಎಷ್ಟು ಕಾಲ ಉಳಿಯಿತೆಂದೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಹೇಳಿದೆ. ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಹಾಕಲೇಬೇಕು. ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಹಾಗಾಗಿ ದಯವಿಟ್ಟು ತಡ ಮಾಡಬೇಡಿ.

ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವಾಗ ಹೆಚ್ಚಿನವರು ಎಡವುವುದು ರಾಜಿ ಪತ್ರದಲ್ಲಿ. ‘ಎಲ್ಲ ಸೇರಿ ಇಷ್ಟು ಲಕ್ಷ’ ಎಂದು ಬರೆದರೆ ತವರಿನ ಒಡವೆಯೂ ಅದರಲ್ಲೇ ಮುಳುಗಿಹೋಗುತ್ತದೆ. ಸ್ತ್ರೀಧನ, ಅಂದರೆ ಹೆಂಡತಿಗೆ ಉಡುಗೊರೆಯಾಗಿ ಬಂದ ಒಡವೆ-ವಸ್ತು, ಹೇಗೂ ಅವಳದೇ, ಅದು ಜೀವನಾಂಶವಲ್ಲ. ಸರ, ಬಳೆ, ಓಲೆ ಎಲ್ಲವನ್ನೂ ಗ್ರಾಂ ಸಮೇತ ಬೇರೆ ಪಟ್ಟಿ ಮಾಡಿಸಿ. ಕೊನೆಯ ಕಂತಿನ ಡಿಡಿ, ವಿಚ್ಛೇದನಕ್ಕೆ ಅಂತಿಮ ಹೇಳಿಕೆ ಕೊಡುವ ದಿನ ಕೋರ್ಟಿನಲ್ಲೇ ಕೈಸೇರಲಿ.