ಅರ್ಜಿ ಫಾರಂನಲ್ಲಿ ಅಪ್ಪ ಹುಟ್ಟಿದ ಊರು ಯಾಕೆ ಬೇಕಿತ್ತು?

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ನಮ್ಮ ಮಕ್ಕಳು ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಅಂತ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಬರೀ ಅಂಕ ಯಾಕೆ ಸಾಲದು? ಈ ಪದ್ಧತಿಯ ಒಂದು ದೊಡ್ಡ ಬೇರು 1920ರ ದಶಕದ ಯಹೂದಿ ದ್ವೇಷದಲ್ಲಿದೆ.

ಆಗ ಹಾರ್ವರ್ಡ್‌ನಲ್ಲಿ ಪ್ರವೇಶ ಪರೀಕ್ಷೆ ಪಾಸಾದರೆ ಸೀಟು ಸಿಕ್ಕಂತೆಯೇ. ಪೂರ್ವ ಯುರೋಪಿನಿಂದ ವಲಸೆ ಬಂದವರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಓದಿ ಪಾಸಾಗತೊಡಗಿದರು. 1900ರಲ್ಲಿ ಶೇ. 7ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳ ಪ್ರಮಾಣ 1922ಕ್ಕೆ ಶೇ. 21 ದಾಟಿತು. ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅದನ್ನು ಶೇ. 15ಕ್ಕೆ ನಿಲ್ಲಿಸಲು ಹೊರಟರು. ಯಹೂದಿಗಳು ಹೆಚ್ಚಾದಷ್ಟೂ ಅವರ ಮೇಲಿನ ದ್ವೇಷವೂ ಹೆಚ್ಚುತ್ತದೆ, ಹಾಗಾಗಿ ಅವರನ್ನು ಕಡಿಮೆ ಮಾಡಬೇಕು ಎಂಬುದು ಲೊವೆಲ್ ವಾದ. ಪೆಟ್ಟು ತಿಂದವನನ್ನೇ ಊರು ಬಿಡಿಸುವ ನ್ಯಾಯ!

ಮಿತಿ ಹಾಕಬೇಕಾದರೆ ಮೊದಲು ಯಾರು ಯಹೂದಿ ಅಂತ ಗೊತ್ತಾಗಬೇಕಲ್ಲ? ಎಷ್ಟೋ ಮನೆಯವರು ಹೆಸರೇ ಬದಲಾಯಿಸಿಕೊಂಡಿದ್ದರು. ಹಾಗಾಗಿ 1922ರ ಫಾರಂನಲ್ಲಿ ಜನಾಂಗ, ಧರ್ಮ, ಮದುವೆಗೆ ಮುಂಚಿನ ತಾಯಿಯ ಅಡ್ಡಹೆಸರು, ತಂದೆ ಹುಟ್ಟಿದ ಊರು ಎಲ್ಲ ಕೇಳಿದರು. ಹುಟ್ಟಿದ ಮೇಲೆ ನಿಮ್ಮ ಅಥವಾ ತಂದೆಯ ಹೆಸರು ಬದಲಾಗಿದ್ದರೆ ಪೂರ್ತಿ ವಿವರಿಸಿ ಎಂಬ ಪ್ರಶ್ನೆಯೂ ಇತ್ತು. ಒಳಗಡೆ ಮೂರು ಗುರುತು: ಖಂಡಿತ ಯಹೂದಿಯಾದರೆ ಜೆ1, ಬಹುಪಾಲು ಹೌದು ಎನಿಸಿದರೆ ಜೆ2, ಇರಬಹುದು ಎಂದಾದರೆ ಜೆ3. ಅಡ್ಡಹೆಸರು ಕೇಳಿ ಜಾತಿ ಅಳೆಯುವವರನ್ನು ಕಂಡ ನಮಗೆ ಈ ಲೆಕ್ಕ ಹೊಸದೇನಲ್ಲ.

1923ರಲ್ಲಿ ಅಧ್ಯಾಪಕರ ಸಮಿತಿ ಬಹಿರಂಗ ಮಿತಿ ಬೇಡವೆಂದಿತು. ಬದಲಿಗೆ, ತಮ್ಮ ಶಾಲೆಯ ತರಗತಿಯಲ್ಲಿ ಮೇಲಿನ ಏಳನೇ ಒಂದು ಭಾಗದಲ್ಲಿರುವವರಿಗೆ ಪರೀಕ್ಷೆಯಿಲ್ಲದೆ ಪ್ರವೇಶ ಕೊಡಬಹುದೆಂದಿತು. ದಕ್ಷಿಣದ, ಪಶ್ಚಿಮದ ಸಣ್ಣ ಊರುಗಳ ಹುಡುಗರು ಬಂದಾರು ಎಂಬ ಎಣಿಕೆ. ಆಗಿದ್ದು ಉಲ್ಟಾ. 1925ರಲ್ಲಿ ಹೊಸದಾಗಿ ಸೇರಿದವರಲ್ಲಿ ಯಹೂದಿಗಳ ಪಾಲು ಶೇ. 27 ಮೀರಿತು. ಅಂಕವನ್ನೇ ಅಳತೆಗೋಲು ಮಾಡಿದಾಗ ಬೇರೇನಾಗಬೇಕಿತ್ತು?

1926ರಲ್ಲಿ ಅಳತೆಗೋಲನ್ನೇ ಬದಲಾಯಿಸಿದರು. ಮೊದಲ ವರ್ಷಕ್ಕೆ 1000 ಸೀಟು ಮಾತ್ರ, ಆಯ್ಕೆಗೆ 'ವ್ಯಕ್ತಿತ್ವ'ವೂ ಮುಖ್ಯ, ಅರ್ಜಿಗೆ ಫೋಟೊ ಕಡ್ಡಾಯ. ವ್ಯಕ್ತಿತ್ವಕ್ಕೆ ಅಂಕಪಟ್ಟಿ ಇರುವುದಿಲ್ಲ, ಮರುಮೌಲ್ಯಮಾಪನ ಕೇಳುವ ಹಾಗೂ ಇಲ್ಲ. ಎಲ್ಲೂ ಮಿತಿ ಅಂತ ಬರೆಯದೆಯೇ ಯಹೂದಿಗಳ ಪ್ರಮಾಣ ಲೊವೆಲ್ ಮೊದಲು ಕೇಳಿದ್ದ ಶೇ. 15ರ ಆಸುಪಾಸಿಗೆ ಇಳಿಯಿತು.